ಕನ್ಸರ್ಟಾ ಮಾತ್ರೆ: ಇವತ್ತು ಮಗುವಿಗೆ ಕೊಟ್ಟರೆ ನಾಳೆ ಚಟ ಹತ್ತುತ್ತದೆಯೇ?

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಡಾಕ್ಟರು ಮೀಥೈಲ್‌ಫೆನಿಡೇಟ್ (ಕನ್ಸರ್ಟಾ ಮಾತ್ರೆಯಲ್ಲಿರುವ ಔಷಧ) ಬರೆದುಕೊಟ್ಟ ದಿನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇದೇ. ಭಯಕ್ಕೆ ಆಧಾರವೂ ಇದೆ. ಮಿದುಳಿನಲ್ಲಿ ಖುಷಿ, ಆಸಕ್ತಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವನ್ನು ಹಿಂದಕ್ಕೆ ಎಳೆದುಕೊಳ್ಳುವ ವ್ಯವಸ್ಥೆಯನ್ನು ಕೊಕೇನ್ ತಡೆಯುತ್ತದೆ, ಈ ಔಷಧವೂ ಅದನ್ನೇ ತಡೆಯುತ್ತದೆ. ಹಾಗಾಗಿ ಕನ್ಸರ್ಟಾವನ್ನು ಇಲ್ಲಿ ಅಳೆದಿರುವುದು ಮುಖ್ಯವಾಗಿ ಆ ಒಂದು ಪ್ರಶ್ನೆಯಿಂದ.

ಚಟ ಹುಟ್ಟುವುದರಲ್ಲಿ ಔಷಧ ಮಿದುಳಿಗೆ ಎಷ್ಟು ಬೇಗ ಏರುತ್ತದೆ ಎನ್ನುವುದು ಬಹಳ ಮುಖ್ಯ. ರಕ್ತನಾಳಕ್ಕೆ ಚುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಏರುತ್ತದೆ. ಮಾಮೂಲಿ ಮಾತ್ರೆಯನ್ನು ನುಂಗಿದರೆ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ, ಆ ನಿಧಾನದಲ್ಲಿ ಸಾಮಾನ್ಯವಾಗಿ ಅಮಲು ಏರುವುದಿಲ್ಲ. ಕನ್ಸರ್ಟಾ ಇನ್ನೂ ನಿಧಾನ. ಒಟ್ಟು ಔಷಧದ ಶೇ 22ರಷ್ಟು ಹೊರಗಿನ ಲೇಪದಲ್ಲಿದ್ದು ಮೊದಲು ಕರಗುತ್ತದೆ. ಉಳಿದ ಶೇ 78 ಒಳಗಿದೆ. ಹೊಟ್ಟೆಯ ನೀರು ಕವಚದ ಮೂಲಕ ಒಳಗೆ ಇಳಿದಾಗ ಅಲ್ಲಿರುವ ಒಂದು ಪದರ ಉಬ್ಬಿ, ಔಷಧವನ್ನು ಲೇಸರ್‌ನಿಂದ ಕೊರೆದ ಸಣ್ಣ ರಂಧ್ರದ ಮೂಲಕ ಮೆಲ್ಲಗೆ ಹೊರದಬ್ಬುತ್ತದೆ. ಪರಿಣಾಮ ಸುಮಾರು 12 ಗಂಟೆ ಇರುತ್ತದೆ. ಖಾಲಿ ಕವಚ ಮಲದಲ್ಲಿ ಇಡಿಯಾಗಿ ಕಂಡರೆ ಮಾತ್ರೆ ಕರಗಿಲ್ಲವೆಂದು ಗಾಬರಿಯಾಗಿ ಇನ್ನೊಂದು ಕೊಡಬೇಡಿ. ಅರೆದರೆ, ಅಗಿದರೆ, ತುಂಡು ಮಾಡಿದರೆ ಈ ಇಡೀ ವ್ಯವಸ್ಥೆ ಕೆಡುತ್ತದೆ. ಮಾತ್ರೆ ನುಂಗಲು ಬಾರದ ಮಗುವಿಗೆ ಇದು ಸರಿಹೋಗುವುದಿಲ್ಲ, ಅದನ್ನು ಮೊದಲೇ ಡಾಕ್ಟರಿಗೆ ಹೇಳಿ.

ಈಗ ಅಧ್ಯಯನಗಳು. ಇವು ಒಂದೇ ಬ್ರ್ಯಾಂಡಿನವಲ್ಲ, ಎಡಿಎಚ್‌ಡಿಯ ಉತ್ತೇಜಕ ಔಷಧಗಳೆಲ್ಲಕ್ಕೂ ಸೇರಿದವು. 1998ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ, ಔಷಧ ಪಡೆದ ಮಕ್ಕಳಲ್ಲಿ ಮುಂದೆ ತಂಬಾಕು ಮತ್ತು ಕೊಕೇನ್ ಚಟ ಹೆಚ್ಚೆಂದಿತು. 2003ರಲ್ಲಿ ಆರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬ ಉತ್ತರ ಬಂತು. ಎಷ್ಟೋ ಪೋಷಕರಿಗೆ ಇಂದಿಗೂ ಹೇಳುವುದು ಈ ಎರಡನೆಯದನ್ನೇ, ಅದು ಸರಿಯಲ್ಲ. 2013ರಲ್ಲಿ 15 ಅಧ್ಯಯನಗಳ 2,500ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿ ನೋಡಿದಾಗ ಮದ್ಯ, ನಿಕೋಟಿನ್, ಗಾಂಜಾ, ಕೊಕೇನ್ ಯಾವುದರಲ್ಲೂ ಔಷಧದಿಂದ ಹೆಚ್ಚಳವೂ ಕಾಣಲಿಲ್ಲ, ಇಳಿಕೆಯೂ ಕಾಣಲಿಲ್ಲ. ಅಮೆರಿಕದ ಎಂಟಿಎ ಅಧ್ಯಯನ 579 ಮಕ್ಕಳನ್ನು ಯೌವನದವರೆಗೂ ಹಿಂಬಾಲಿಸಿತು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶವೂ ಅದೇ.

ಉತ್ತರಗಳು ಹೀಗೆ ಬೇರೆಬೇರೆಯಾಗಲು ಕಾರಣ ಉಂಟು. ಔಷಧ ಹೆಚ್ಚಾಗಿ ಸಿಗುವುದು ತೊಂದರೆ ತೀವ್ರವಾಗಿರುವ ಮಕ್ಕಳಿಗೆ, ಮತ್ತು ಎಡಿಎಚ್‌ಡಿ ತಾನೇ ಚಟದ ಅಪಾಯವನ್ನು ಹೆಚ್ಚಿಸುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ರೋಗದ ತಪ್ಪು ಮಾತ್ರೆಯ ತಲೆಗೆ ಬರುತ್ತದೆ. ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿದ 2014ರ ಅಧ್ಯಯನದಲ್ಲಿ ಔಷಧ ತೆಗೆದುಕೊಂಡವರಲ್ಲಿ ಮೂರು ವರ್ಷಗಳ ನಂತರದ ಮಾದಕ ಸೇವನೆಯ ಪ್ರಕರಣಗಳು ಶೇ 31ರಷ್ಟು ಕಡಿಮೆ ಇದ್ದವು. ಭರವಸೆ ಕೊಡುವ ಅಂಕಿ ಇದು, ಆದರೆ ಇದನ್ನು ತೋರಿಸಿ ಚಟ ಬರುವುದೇ ಇಲ್ಲ ಎಂದು ಯಾರಿಗೂ ಮಾತು ಕೊಡಲಾಗದು. ಚಟದ ಭಯಕ್ಕಾಗಿ ಔಷಧ ನಿಲ್ಲಿಸುವುದಕ್ಕೂ ಇಲ್ಲಿ ಆಧಾರವಿಲ್ಲ.

ನಿಜವಾದ ಅಪಾಯ ಮಾತ್ರೆ ಬೇರೆಯವರ ಕೈಗೆ ಹೋಗುವುದರಲ್ಲಿದೆ. ಮಾಮೂಲಿ ಮಾತ್ರೆಯ ಪ್ರಭಾವ ಮೂರ್ನಾಲ್ಕು ಗಂಟೆ ಮಾತ್ರ. ಮಧ್ಯಾಹ್ನದ ಎರಡನೇ ಡೋಸ್ ಶಾಲೆಯ ಬ್ಯಾಗಿನಲ್ಲಿ ಹೋಗುತ್ತದೆ, ಪರೀಕ್ಷೆ ಬಂದಾಗ ಗೆಳೆಯರು ಕೇಳುತ್ತಾರೆ. ದಿನಕ್ಕೊಂದು ಮಾತ್ರೆಯ ದೊಡ್ಡ ಲಾಭ ಇಲ್ಲೇ: ಬೆಳಿಗ್ಗೆ ಅಮ್ಮನೋ ಅಪ್ಪನೋ ಎದುರು ನಿಂತು ನುಂಗಿಸಿದರೆ ಮುಗಿಯಿತು. ತಡವಾಗಿ ಕೊಟ್ಟರೆ ರಾತ್ರಿ ನಿದ್ದೆ ಕೆಡುತ್ತದೆ. ಹಸಿವು ತಗ್ಗುವುದು ಸಾಮಾನ್ಯ, ಆದ್ದರಿಂದ ಹೊಟ್ಟೆ ತುಂಬ ತಿಂಡಿ ತಿನ್ನಿಸಿಯೇ ಮಾತ್ರೆ ಕೊಡಿ. ತೂಕ, ಎತ್ತರ, ಬಿಪಿ, ನಾಡಿಯನ್ನು ಪ್ರತಿ ಭೇಟಿಯಲ್ಲೂ ನೋಡಿಸಿ.

ಭಾರತದಲ್ಲಿ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್‌ಗೆ, ಅಂದರೆ ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಗಳ ಪಟ್ಟಿಗೆ, ಸೇರಿದೆ. ಪ್ರತ್ಯೇಕ ಲೈಸೆನ್ಸ್ ಇಲ್ಲದ ಮೆಡಿಕಲ್ ಅಂಗಡಿಯಲ್ಲಿ ಸಿಗದು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳುತ್ತಾರೆ. ಅಲೆದಾಟವೇ ಸರಿ, ಆದರೂ ಈ ಬಿಗಿ ಬೇಕು. ಸ್ಟ್ರಿಪ್ ಮುಗಿಯುವ ವಾರ ಮೊದಲೇ ಚೀಟಿ ಬರೆಸಿಕೊಳ್ಳಿ.

ಹದಿಹರೆಯದ ಮಗ ಅಥವಾ ಮಗಳು ಈಗಾಗಲೇ ಸಿಗರೇಟು, ಗಾಂಜಾ ಮುಟ್ಟಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಉತ್ತೇಜಕವಲ್ಲದ ಆಟೊಮಾಕ್ಸೆಟಿನ್ ಇದೆ, ಅದರ ಫಲ ಕಾಣಲು ಕೆಲವು ವಾರ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ವ್ಯಸನ ಚಿಕಿತ್ಸಾ ಕೇಂದ್ರವೂ ಒಂದೇ ಆವರಣದಲ್ಲಿವೆ. ಮಗು ಹಾಸ್ಟೆಲ್ ಸೇರುವಾಗ ಇಡೀ ತಿಂಗಳ ಮಾತ್ರೆ ಕೈಗೆ ಕೊಡಬೇಡಿ. ವಾರ್ಡನ್ ಬಳಿ ಬೀಗದಲ್ಲಿ ಇಡಿಸಿ, ವಾರಕ್ಕೊಮ್ಮೆ ಎಣಿಸಿ.