‘ಯಾರ ಕೈನೂ ಸೋಕಿಲ್ಲ’ ಅಂತ ನಾಯಿಮರಿ ಮಾರೋರ ಬಗ್ಗೆ ಹುಷಾರು

ದಾವಣಗೆರೆ, ಹರಿಹರ ಕಡೆ ನಾಯಿಮರಿ ಹುಡುಕ್ತಿರೋರು ಇದನ್ನ ಓದಿ. ಊರ ಹೊರಗಿನ ಬ್ರೀಡರ್ ಒಬ್ಬರ ಹತ್ರ ಲ್ಯಾಬ್ರಡಾರ್ ಹೆಣ್ಣುಮರಿ ತಂದ್ವಿ. "ಎರಡು ತಿಂಗಳ ಮರಿ, ಹುಟ್ಟಿದಾಗಿಂದ ಯಾರ ಕೈನೂ ಸೋಕಿಲ್ಲ ಸರ, ಇನ್‌ಫೆಕ್ಷನ್ ಭಯ ಇಲ್ಲ" ಅಂತ ಹೆಮ್ಮೆಯಿಂದ ಹೇಳಿದ. ತಾಯಿ ತೋರ್ಸಿ ಅಂದ್ರೆ "ಹೊಸಬರನ್ನ ಕಂಡ್ರೆ ಕಚ್ತತಿ" ಅಂತ ಗೇಟಲ್ಲೇ ಮರಿ ಕೈಗಿಟ್ಟ.

ಮನೇಲಿ ಮಿಕ್ಸಿ ಹಾಕಿದ್ದೇ ತಡ, ಮರಿ ನಿಂತಲ್ಲೇ ಉಚ್ಚೆ ಹೊಯ್ದು ಮಂಚದ ಕೆಳಗೆ ಸೇರ್ತು. ಎತ್ಕೊಂಡ್ರೆ ಮೈಯೆಲ್ಲ ಕೊರಡಿನ ಹಾಗೆ ಬಿಗಿ. ಮಗಳು ಕೈ ಚಾಚಿದ್ರೆ ಮುಖ ಆ ಕಡೆ ತಿರುಗಿಸಿ, ಕಣ್ಣಿನ ಬಿಳಿ ಕಾಣೋ ಹಾಗೆ ಓರೆನೋಟ ಬೀರಿ ಗುರ್ ಅನ್ನೋದು.

ಡಾಕ್ಟರ್ ಬಾಯಿ ಬಿಡಿಸಿ ಹಾಲುಹಲ್ಲು ನೋಡಿ "ಐದು ವಾರದ ಮೇಲಿರಲಿಕ್ಕಿಲ್ಲ" ಅಂದ್ರು. ಲಸಿಕೆ ಪುಸ್ತಕದಲ್ಲಿ ತಾರೀಕು, ಗೀಚಿದ ಸಹಿ ಇತ್ತು. ಬಾಟಲಿಯಿಂದ ಕಿತ್ತು ಅಂಟಿಸೋ ಸ್ಟಿಕ್ಕರ್ ಮಾತ್ರ ಇಲ್ಲ. 2017ರ ಕೇಂದ್ರ ನಿಯಮದ ಪ್ರಕಾರ 8 ವಾರ ತುಂಬದ ಮರಿ ಮಾರೋ ಹಾಗೇ ಇಲ್ಲ, ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಫೋನ್ ಮಾಡಿ ಕೇಳಿದ್ರೆ "ನೀವೇ ಹೆದರಿಸಿರ್ತೀರಿ" ಅಂತ ನಮ್ಮ ಮೇಲೇ ಹಾಕಿದ!

ಪಾರ್ವೊ ಅನ್ನೋ, ಮರಿಗಳ ಜೀವ ತೆಗೆಯೋ ವೈರಸ್ ರೋಗದ ಭಯ ಸುಳ್ಳಲ್ಲ. ಅದಕ್ಕೆ ಕೈ ತೊಳೀಬೇಕು, ಚಪ್ಪಲಿ ಹೊರಗೆ ಬಿಡಬೇಕು. ಮರಿ ಮುಟ್ಟದೇ ಇರೋದಲ್ಲ. ಹುಟ್ಟಿದ ಮರಿಗೆ ಕಣ್ಣು, ಕಿವಿ ಮುಚ್ಚಿದ್ರೂ ವಾಸನೆ, ಸ್ಪರ್ಶ ಗೊತ್ತಾಗುತ್ತೆ. ಕಸುಬು ಬಲ್ಲವರು ದಿನಾ ಒಂದೆರಡು ನಿಮಿಷ ಎತ್ತಿ ತೂಕ ನೋಡಿ, ಪಾದ ಸವರಿ, ಮೈ ತಣ್ಣಗಾಗೋದ್ರೊಳಗೆ ತಾಯಿ ಮಗ್ಗುಲಿಗೆ ಬಿಡ್ತಾರೆ. ಮೂರನೇ ವಾರದಿಂದ ಸುಮಾರು 12-14ನೇ ವಾರದವರೆಗೆ ಮನುಷ್ಯರಿಗೆ, ಸದ್ದುಗದ್ದಲಕ್ಕೆ ಒಗ್ಗೋ ಕಾಲ. ಅದರಲ್ಲಿ ಮೊದಲ ವಾರಗಳು ಬ್ರೀಡರ್ ಕೈಯಲ್ಲೇ ಕಳೆಯೋದು. 14 ವಾರ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆಸಿದ ಮರಿಗಳನ್ನ ಆಮೇಲೆ ಪಳಗಿಸೋದು ತೀರಾ ಕಷ್ಟ ಅಂತ ಅಮೆರಿಕದ ಸಂಶೋಧಕರು 1961ರಲ್ಲೇ ಪ್ರಕಟಿಸಿದ್ರು.

ನಮ್ಮ ಮರಿ ಈಗ ಕೈಯಿಂದ ತಿನ್ನುತ್ತೆ. ಹೆಲ್ಮೆಟ್ ಹಾಕ್ಕೊಂಡು ಯಾರಾದ್ರೂ ಬಂದ್ರೆ ಮಾತ್ರ ಇವತ್ತಿಗೂ ಮಂಚದ ಕೆಳಗೇ.

ನೀವು ಹೋದಾಗ ತಾಯಿ ಜೊತೆ ಮರಿಗಳನ್ನ ನೋಡ್ಲೇಬೇಕು ಅನ್ನಿ. ಕೆಳಗೆ ಕೂತು ಚಪ್ಪಾಳೆ ತಟ್ಟಿ. ಕುತೂಹಲದಿಂದ ಹತ್ರ ಬರ್ತಾವೋ, ಮೂಲೆ ಸೇರ್ತಾವೋ ಗಮನಿಸಿ. ಗೇಟ್ ದಾಟೋಕೇ ಬಿಡದಿದ್ರೆ ಅಡ್ವಾನ್ಸ್ ಕೊಡಬೇಡಿ.