ಒಬ್ಬ ಸೋಟೊನೋ, ನಾಲ್ಕು ಜನರೋ?

2024ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಎರಡು ಬೇಸ್‌ಬಾಲ್ ತಂಡಗಳು ಬೇರೆ ಬೇರೆ ದಾರಿ ಹಿಡಿದವು. ಮೆಟ್ಸ್ ತಂಡ ಬ್ಯಾಟರ್ ಹುವಾನ್ ಸೋಟೊ ಒಬ್ಬರಿಗೇ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು. ಅವರನ್ನು ಕಳೆದುಕೊಂಡ ಯಾಂಕೀಸ್ ದುಡ್ಡನ್ನು ಹಂಚಿತು: ಪಿಚರ್ (ಚೆಂಡು ಎಸೆಯುವ ಆಟಗಾರ) ಮ್ಯಾಕ್ಸ್ ಫ್ರೀಡ್‌ಗೆ 8 ವರ್ಷಕ್ಕೆ 21.8 ಕೋಟಿ, ಬ್ಯಾಟರ್ ಪಾಲ್ ಗೋಲ್ಡ್‌ಸ್ಮಿತ್‌ಗೆ ಒಂದೇ ವರ್ಷಕ್ಕೆ 1.25 ಕೋಟಿ, ಬೇರೆ ತಂಡಗಳೊಂದಿಗೆ ಆಟಗಾರರ ವಿನಿಮಯದಲ್ಲಿ ಬ್ಯಾಟರ್ ಕೋಡಿ ಬೆಲಿಂಜರ್ ಮತ್ತು ಪಿಚರ್ ಡೆವಿನ್ ವಿಲಿಯಮ್ಸ್ ಬಂದರು.

ತಂಡ ಕಟ್ಟುವ ಲೆಕ್ಕ ಹಾಕುತ್ತಿರುವವರು ಮೊದಲು ವಯಸ್ಸು ನೋಡಬೇಕು. ಸೋಟೊಗೆ ಆಗ ಬರೀ 26. ಇಷ್ಟು ಚಿಕ್ಕ ವಯಸ್ಸಿನ ಇಂಥ ಬ್ಯಾಟರ್ ಮಾರುಕಟ್ಟೆಗೆ ಬರುವುದೇ ಅಪರೂಪ. ಆದರೆ ಲಕ್ಸುರಿ ಟ್ಯಾಕ್ಸ್ (ಆಟಗಾರರ ಸಂಬಳದ ಒಟ್ಟು ಮೊತ್ತ ಮಿತಿ ಮೀರಿದರೆ ತಂಡ ಕಟ್ಟಬೇಕಾದ ತೆರಿಗೆ) ಲೆಕ್ಕ ಹಾಕುವುದು ಒಪ್ಪಂದದ ವಾರ್ಷಿಕ ಸರಾಸರಿಯ ಮೇಲೆ. ಸೋಟೊದು 5.1 ಕೋಟಿ, 2025ರ ತೆರಿಗೆ ಮಿತಿ 24.1 ಕೋಟಿ. ಮಿತಿಯ ಐದನೇ ಒಂದು ಪಾಲಿಗಿಂತ ಹೆಚ್ಚು ಒಬ್ಬರಿಗೇ ಹೋಯಿತು!

2025ರಲ್ಲಿ ಸೋಟೊ 43 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದರು, ಆದರೂ ಪಿಚಿಂಗ್ ಕುಸಿದು ಮೆಟ್ಸ್ 83 ಗೆಲುವಿಗೇ ನಿಂತು ಪ್ಲೇಆಫ್ ತಪ್ಪಿಸಿಕೊಂಡಿತು. ಪಿಚರ್ ಆಗಿ ಫ್ರೀಡ್ ಹೆಸರಿಗೆ 19 ಗೆಲುವು ಸೇರಿದವು, ಯಾಂಕೀಸ್ ತಂಡ ಒಟ್ಟು 94 ಪಂದ್ಯ ಗೆದ್ದಿತು.

ಪಿಚಿಂಗ್ ಗಟ್ಟಿಯಿದ್ದು, ಮಾಲೀಕರು ತೆರಿಗೆಗೆ ಅಂಜದಿದ್ದರೆ ಸೋಟೊ ದಾರಿಯೇ ಸರಿ. ಇಲ್ಲದಿದ್ದರೆ ಹಂಚಿ. ಆದರೆ ಫ್ರೀಡ್ ಒಪ್ಪಂದ ಮುಗಿಯುವ ಹೊತ್ತಿಗೆ ಅವರಿಗೆ 38 ಆಗಿರುತ್ತದೆ, ಮೊಣಕೈಗೆ ಒಮ್ಮೆ ಶಸ್ತ್ರಚಿಕಿತ್ಸೆಯೂ ಆಗಿದೆ. ಹಂಚುವುದಾದರೆ ಗೋಲ್ಡ್‌ಸ್ಮಿತ್‌ರಂಥ ಒಂದು ವರ್ಷದ ಒಪ್ಪಂದಗಳೇ ನನಗೆ ಹೆಚ್ಚು ಇಷ್ಟ.