ಒಂದೇ ಆಲ್ಬಂ, ನಾಲ್ಕು ಸಿ.ಡಿ.ಗಳು: 'ಸಾರ್ಜೆಂಟ್ ಪೆಪ್ಪರ್' ಆವೃತ್ತಿಗಳ ಹೋಲಿಕೆ

ಅರವತ್ತು, ಎಪ್ಪತ್ತರ ದಶಕಗಳ ರಾಕ್ ಆಲ್ಬಂಗಳನ್ನು ಸಿ.ಡಿ.ಯಲ್ಲಿ ಸಂಗ್ರಹಿಸಹೊರಟವರಿಗೆ ಒಂದೇ ಆಲ್ಬಂ ಹಲವು ಆವೃತ್ತಿಗಳಲ್ಲಿ ಎದುರಾಗುತ್ತದೆ. ಮುಖಪುಟದ ಚಿತ್ರವೂ ಹಾಡುಗಳ ಪಟ್ಟಿಯೂ ಒಂದೇ ಆಗಿದ್ದರೂ ಒಳಗಿನ ಧ್ವನಿ ಬೇರೆಬೇರೆಯಾಗಿರುತ್ತದೆ. ಬ್ರಿಟನ್ನಿನ ರಾಕ್ ತಂಡವಾದ ಬೀಟಲ್ಸ್ 1967ರಲ್ಲಿ ಹೊರತಂದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ನನ್ನಲ್ಲಿ ನಾಲ್ಕು ರೂಪಗಳಲ್ಲಿದೆ: 1987ರ ಮೊದಲ ಸಿ.ಡಿ., 2009ರ ಸ್ಟೀರಿಯೊ (ಎಡ, ಬಲ ಎರಡು ವಾಹಿನಿಗಳ) ರಿಮಾಸ್ಟರ್, ಎಂದರೆ ಹಳೆಯ ಟೇಪಿನ ಧ್ವನಿಯನ್ನು ಮತ್ತೆ ಹದಗೊಳಿಸಿದ ಪ್ರತಿ, ಅದೇ ವರ್ಷ ತಂಡದ ಮೊನೊ (ಒಂದೇ ವಾಹಿನಿಯ) ಆಲ್ಬಂಗಳನ್ನು ಒಟ್ಟಾಗಿ ತಂದ ಪೆಟ್ಟಿಗೆಯ ಪ್ರತಿ ಮತ್ತು 2017ರ ಹೊಸ ಮಿಕ್ಸ್, ಎಂದರೆ ಕಂಠ, ವಾದ್ಯಗಳ ಹೊಸ ಸಮ್ಮಿಶ್ರಣ. ಒಂದೇ ಪ್ಲೇಯರ್, ಒಂದೇ ಆಂಪ್ಲಿಫೈಯರ್, ಅವೇ ಸ್ಪೀಕರ್‌ಗಳಲ್ಲಿ ಇವನ್ನು ಮತ್ತೆ ಮತ್ತೆ ಕೇಳಿ ಹೋಲಿಸಿದ ಮೇಲೆ, ಒಂದನ್ನಷ್ಟೇ ಇಟ್ಟುಕೊಳ್ಳಬೇಕಾಗಿ ಬಂದರೆ ಮೊನೊ ಪ್ರತಿಯನ್ನೇ ಇಟ್ಟುಕೊಳ್ಳುತ್ತೇನೆ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಹೋಲಿಸುವ ಮುನ್ನ ನಾಲ್ಕರ ಧ್ವನಿಮಟ್ಟವನ್ನೂ ಕಿವಿಗೆ ಸಮನಾಗುವಂತೆ ಹೊಂದಿಸಿಕೊಳ್ಳಲೇಬೇಕು. 1987ರ ಪ್ರತಿ ಉಳಿದವುಗಳಿಗಿಂತ ಮೆಲ್ಲಗೆ ನುಡಿಯುತ್ತದೆ, 2017ರದ್ದು ಎಲ್ಲಕ್ಕಿಂತ ಜೋರು. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ನಂಬಿಬಿಡುವುದರಿಂದ, ಈ ಹೊಂದಾಣಿಕೆ ಇಲ್ಲದೆ ಮಾಡಿದ ಹೋಲಿಕೆಗೆ ಬೆಲೆಯಿಲ್ಲ.

ಆಲ್ಬಂ ಹೊರಬಂದು ಇಪ್ಪತ್ತು ವರ್ಷ ತುಂಬಿದಾಗ, 1987ರ ಜೂನ್ 1ರಂದು ಬಿಡುಗಡೆಯಾದ ಮೊದಲ ಸಿ.ಡಿ.ಯನ್ನು ಹಳೆಯದೆಂದು ತಳ್ಳಿಹಾಕುವವರು ಬಹಳ ಮಂದಿ. ಅದರಲ್ಲಿ ಟೇಪಿನ ಸುಯ್ಯೆನ್ನುವ ಸದ್ದು ತಕ್ಕಮಟ್ಟಿಗೆ ಕೇಳಿಸುತ್ತದೆ, ಬೇಸ್ ಗಿಟಾರ್ ತೆಳ್ಳಗಿದೆ ಎನ್ನುವುದೂ ನಿಜ. ಆದರೆ ಮೆಲುದನಿಗೂ ಗಟ್ಟಿದನಿಗೂ ನಡುವಿನ ಅಂತರ ಅದರಲ್ಲಿ ಹಾಗೆಯೇ ಉಳಿದಿದೆ. 'ಎ ಡೇ ಇನ್ ದ ಲೈಫ್' ಹಾಡಿನ ಕೊನೆಯಲ್ಲಿ ಮೂರು ಪಿಯಾನೊಗಳ ಮೇಲೆ ಒಮ್ಮೆಗೇ ಬಾರಿಸಿದ ಇ ಮೇಜರ್ ಸ್ವರಮೇಳವು ಹಾರ್ಮೋನಿಯಂನ ಆಸರೆಯೊಂದಿಗೆ ನಲವತ್ತಕ್ಕೂ ಹೆಚ್ಚು ಸೆಕೆಂಡುಗಳ ಕಾಲ ಕ್ಷೀಣಿಸುತ್ತಾ ಹೋಗುತ್ತದೆ. ನಾದ ಇಳಿದಂತೆಲ್ಲ ಧ್ವನಿಗ್ರಹಣದ ಮಟ್ಟವನ್ನು ಏರಿಸಿದ್ದರಿಂದ ಕೊನೆಯಲ್ಲಿ ಸ್ಟುಡಿಯೊದ ಕುರ್ಚಿಯೊಂದು ಕಿರುಗುಟ್ಟಿದ್ದೂ ಕೇಳಿಸುತ್ತದೆ. ಎಲ್‌ಪಿಯ ಚರಪರ ಸದ್ದಿಲ್ಲದೆ ಇದನ್ನು ಕೊನೆಯತನಕ ಕೇಳುವುದೇ ಸಿ.ಡಿ. ಕೊಳ್ಳುವುದಕ್ಕೆ ಸಾಕಷ್ಟು ಕಾರಣವೆಂದು ನಾನು ಭಾವಿಸುತ್ತೇನೆ, ಮತ್ತು ಆ ಇಳಿಕೆ 1987ರ ಪ್ರತಿಯಲ್ಲಿ ಬಹು ಸಹಜವಾಗಿದೆ.

2009ರ ಸೆಪ್ಟೆಂಬರ್ 9ರಂದು ಬಂದ ಸ್ಟೀರಿಯೊ ರಿಮಾಸ್ಟರ್ 1987ರ ಪ್ರತಿಯಲ್ಲಿದ್ದ ಅದೇ ಸ್ಟೀರಿಯೊ ಮಿಕ್ಸನ್ನು ಹೆಚ್ಚು ಶುಚಿಯಾಗಿ, ತುಸು ಜೋರಾಗಿ ಕೊಡುತ್ತದೆ. ಬೇಸ್ ತುಂಬಿಕೊಂಡಿದೆ, ಕಂಠಗಳು ಹತ್ತಿರ ಬಂದಿವೆ. ಆದರೂ ಮೂಲ ಸ್ಟೀರಿಯೊ ಮಿಕ್ಸಿನ ತೊಡಕು ಹಾಗೆಯೇ ಉಳಿದಿದೆ: ನಾಲ್ಕೇ ಟ್ರ್ಯಾಕಿನ (ಪ್ರತ್ಯೇಕ ಧ್ವನಿಪಥಗಳ) ಟೇಪಿನಲ್ಲಿ ಒತ್ತಾಗಿ ಕೂಡಿಸಿದ ವಾದ್ಯಗಳನ್ನು ಎಡಕ್ಕಷ್ಟು, ಬಲಕ್ಕಷ್ಟು ಹಂಚಿರುವುದರಿಂದ, ಹೆಡ್‌ಫೋನಿನಲ್ಲಿ ಕೇಳುವಾಗ ತಂಡವು ಎರಡು ಪಾಲಾದಂತೆ ಭಾಸವಾಗುತ್ತದೆ.

ಮೊನೊ ಪ್ರತಿಯಲ್ಲಿ ಈ ತೊಡಕೇ ಇಲ್ಲ. 1967ರಲ್ಲಿ ಬ್ರಿಟನ್ನಿನ ಹೆಚ್ಚಿನ ಕೇಳುಗರ ಮನೆಯಲ್ಲಿದ್ದುದು ಮೊನೊ ಪ್ಲೇಯರ್. ಆದ್ದರಿಂದ ತಂಡದವರೂ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೂ ಮೊನೊ ಮಿಕ್ಸಿಗೇ ಹೆಚ್ಚು ಸಮಯ ಕೊಟ್ಟರು; ಸ್ಟೀರಿಯೊ ಮಿಕ್ಸ್ ತಂಡದವರ ಗೈರುಹಾಜರಿಯಲ್ಲಿ ಬೇಗನೆ ಮುಗಿದ ಕೆಲಸ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಹಾಡುಗಳೇ ಬದಲಾಗಿರುವುದು ತಿಳಿಯುತ್ತದೆ. 'ಷೀ ಈಸ್ ಲೀವಿಂಗ್ ಹೋಮ್' ಮೊನೊದಲ್ಲಿ ವೇಗವಾಗಿ, ಅರ್ಧಸ್ವರದಷ್ಟು ಏರಿದ ಶ್ರುತಿಯಲ್ಲಿ ಸಾಗುತ್ತದೆ. ಅದನ್ನು ಕೇಳಿದ ಮೇಲೆ ಸ್ಟೀರಿಯೊ ರೂಪ ಎಳೆದಂತೆ ತೋರುತ್ತದೆ. 'ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್' ಹಾಡಿನಲ್ಲಿ ತಂಡದ ಜಾನ್ ಲೆನನ್ ಅವರ ಕಂಠದ ಮೇಲಿನ ಸುಳಿಯುವ ಪರಿಣಾಮ ಮೊನೊದಲ್ಲಿ ಗಾಢವಾಗಿದೆ. ಶೀರ್ಷಿಕೆ ಗೀತೆಯ ಪುನರಾವರ್ತನೆಯ ಕೊನೆಗೆ ತಂಡದ ಪಾಲ್ ಮೆಕಾರ್ಟ್ನಿ ಕೂಗುವುದು ಸ್ಟೀರಿಯೊದಲ್ಲಿ ಬಹುಮಟ್ಟಿಗೆ ಮುಳುಗಿಹೋಗಿದ್ದರೆ ಇಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. 2009ರ ಸ್ಟೀರಿಯೊ ಪ್ರತಿಗಳಿಗೆ ಮಾಡಿದ ಧ್ವನಿ ಒತ್ತಡವನ್ನು (ಮೆಲುದನಿ, ಗಟ್ಟಿದನಿಗಳ ಅಂತರವನ್ನು ತಗ್ಗಿಸುವುದನ್ನು) ಮೊನೊ ಪ್ರತಿಗಳಿಗೆ ಮಾಡಿಲ್ಲವೆಂಬುದೂ ಗಮನಾರ್ಹ.

ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದ ನಮ್ಮ ಕಡೆಯವರಿಗೆ ತಂಡದ ಜಾರ್ಜ್ ಹ್ಯಾರಿಸನ್ ಅವರ 'ವಿದಿನ್ ಯೂ ವಿದೌಟ್ ಯೂ' ಒಳ್ಳೆಯ ಒರೆಗಲ್ಲು. ಲಂಡನ್ನಿನಲ್ಲಿದ್ದ ಭಾರತೀಯ ವಾದಕರು ತಂಬೂರಿ, ತಬಲಾ, ಕಮಾನಿನಿಂದ ನುಡಿಸುವ ತಂತಿವಾದ್ಯ ದಿಲ್‌ರುಬಾ, ಸ್ವರಮಂಡಲಗಳನ್ನು ನುಡಿಸಿರುವ ಈ ಹಾಡಿನ ನಡುವೆ ದಿಲ್‌ರುಬಾ ಮತ್ತು ಸಿತಾರ್ ಹತ್ತು ಮಾತ್ರೆಗಳ ಆವರ್ತನದಲ್ಲಿ ಸವಾಲ್-ಜವಾಬ್ ನಡೆಸುತ್ತವೆ. ಮೊನೊದಲ್ಲಿ ತಂಬೂರಿಯ ಶ್ರುತಿಯೊಳಗೆ ಎಲ್ಲ ವಾದ್ಯಗಳೂ ಬೆರೆತು ಕಛೇರಿಯ ಒಗ್ಗೂಡಿದ ನಾದ ದೊರೆಯುತ್ತದೆ. ಆದರೆ ತಬಲಾ ಜೋಡಿಯ ದೊಡ್ಡ ವಾದ್ಯವಾದ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸುವಾಗ ಏಳುವ ಗುಮ್ಮೆನ್ನುವ ನಾದ ಪೂರ್ಣವಾಗಿ ಕೇಳಬೇಕೆಂದರೆ 2017ರ ಪ್ರತಿಗೇ ಹೋಗಬೇಕು.

ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್, ಸ್ಯಾಮ್ ಒಕೆಲ್ ಅವರೊಂದಿಗೆ ಸಿದ್ಧಪಡಿಸಿದ ಈ ಮಿಕ್ಸ್, ಟ್ರ್ಯಾಕ್‌ಗಳನ್ನು ಒಂದಕ್ಕೊಂದು ಬೆರೆಸಿ ನಕಲಿಸುವ ಮುಂಚಿನ ಮೂಲ ಟೇಪುಗಳಿಗೇ ಮರಳಿದೆ. ಡ್ರಮ್ಸ್ ನಡುವೆ ನಿಂತಿವೆ, ಬೇಸ್‌ಗೆ ತೂಕ ಬಂದಿದೆ, ಮೊನೊ ಮಿಕ್ಸಿನ ಆಯ್ಕೆಗಳನ್ನು ಗೌರವಿಸಿ 'ಷೀ ಈಸ್ ಲೀವಿಂಗ್ ಹೋಮ್' ಹಾಡಿಗೆ ಆ ವೇಗವನ್ನೇ ಇಡಲಾಗಿದೆ. ರಾಕ್ ಸಂಗೀತವನ್ನು ಹೊಸದಾಗಿ ಕೇಳುವವರಿಗೆ ಇದನ್ನೇ ಕೊಡುತ್ತೇನೆ. ಆದರೆ ಜೋರು ಹಾಡುಗಳಲ್ಲಿ ಧ್ವನಿಯನ್ನು ಒತ್ತಿ ಹಿಡಿದಿರುವುದರಿಂದ ಆಲ್ಬಂ ಪೂರ್ತಿ ಕೇಳುವಷ್ಟರಲ್ಲಿ ನನ್ನ ಕಿವಿ ದಣಿಯುತ್ತದೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇವನ್ನು ಕಾಪಾಡಿಕೊಳ್ಳುವ ವಿಚಾರದಲ್ಲಿ 1987ರ ಪ್ಲಾಸ್ಟಿಕ್ ಡಬ್ಬಿಯೇ ಮೇಲು. 2009ರ ಸ್ಟೀರಿಯೊ ಪ್ರತಿಯ ರಟ್ಟಿನ ಹೊದಿಕೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಡಿಸ್ಕನ್ನು ಎಳೆದು ತೆಗೆಯುವಾಗಲೆಲ್ಲ ರಟ್ಟಿಗೆ ಉಜ್ಜಿ ಸಣ್ಣ ಗೀರುಗಳೂ ಬೀಳುತ್ತವೆ. ಡಿಸ್ಕನ್ನು ಬೇರೆ ಡಬ್ಬಿಯಲ್ಲಿಟ್ಟು ಹೊದಿಕೆಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಮುಚ್ಚಿಡುವುದು ಒಳ್ಳೆಯದು. ಮೊನೊ ಸಿ.ಡಿ.ಗಳನ್ನು 2009ರಲ್ಲಿ ಬಿಡಿಬಿಡಿಯಾಗಿ ಮಾರಲಿಲ್ಲವಾದ್ದರಿಂದ ಇಡೀ ಪೆಟ್ಟಿಗೆಯನ್ನೇ ಕೊಳ್ಳಬೇಕಾಗುತ್ತದೆ. ಅಷ್ಟು ಖರ್ಚು ಬೇಡವೆನ್ನುವವರು 2017ರ ದೊಡ್ಡ ಪೆಟ್ಟಿಗೆಯನ್ನು ಹುಡುಕಬಹುದು. ಅದರ ನಾಲ್ಕನೆಯ ಡಿಸ್ಕಿನಲ್ಲಿ ಮೊನೊ ಮಿಕ್ಸ್ ಪೂರ್ತಿಯಾಗಿದೆ, ಎರಡೇ ಡಿಸ್ಕುಗಳ ಅಗ್ಗದ ಆವೃತ್ತಿಯಲ್ಲಿ ಅದಿಲ್ಲ.